ಕ್ರಯಪತ್ರದಲ್ಲಿ ‘ಜಲ’ ಇದೆ, ಆದರೆ ನೀರು ಯಾರದು?

ಮನೆಯ ಬೀರುವಿನಲ್ಲಿ ಹಳೆಯ ಕ್ರಯಪತ್ರ ಇದ್ದರೆ ಒಮ್ಮೆ ತೆಗೆದು ಓದಿ. ‘ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗ ತೇಜಸ್ವಾಮ್ಯ ಸಹಿತ’ ಎಂಬಂಥ ಒಂದು ಸಾಲು ಸಿಗಬಹುದು. ವಿಜಯನಗರ ಕಾಲದ ತಾಮ್ರಪಟಗಳಲ್ಲೂ ಇದೇ ಮಾತು ಕಾಣುತ್ತದೆ. ಭೂಮಿ ಕೊಟ್ಟವರು ಅದರ ಎಂಟು ಬಗೆಯ ಭೋಗವನ್ನೂ ಜೊತೆಗೇ ಕೊಟ್ಟರು ಎಂದು ಅದರ ಅರ್ಥ. ಪತ್ರ ಬರಹಗಾರರು ರೂಢಿಯಂತೆ ಆ ಸಾಲನ್ನು ಇವತ್ತಿಗೂ ಬರೆಯುತ್ತಾರೆ.

ಪಟ್ಟಿಯ ಮೊದಲನೆಯ ‘ನಿಧಿ’ಯ ಕಥೆ ಯಾವತ್ತೋ ಮುಗಿದಿದೆ. ಹೊಲ ಅಗೆಯುವಾಗ ಹೂತಿಟ್ಟ ಬಂಗಾರ ಸಿಕ್ಕರೆ ಸರ್ಕಾರಕ್ಕೆ ತಿಳಿಸಲೇಬೇಕು ಎಂಬ ಕಾನೂನು 1878ರಲ್ಲೇ ಬಂತು. ಹಾಗಾದರೆ ಮೂರನೆಯ ‘ಜಲ’? ಅದು ಪತ್ರದಲ್ಲಿ ಬರೆದಷ್ಟು ನಮ್ಮದಾ?

2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಮರುವರ್ಷದ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳೂ ಒಣಗಿದವು. ಅಲ್ಲಿಂದೀಚೆಗೆ ಈ ಪ್ರಶ್ನೆ ವಕೀಲರ ಕಚೇರಿ ದಾಟಿ ಟೀ ಅಂಗಡಿಗೂ ಬಂದಿದೆ. ‘ನನ್ನ ಜಮೀನು, ನನ್ನ ಬೋರು, ಯಾರು ಕೇಳೋರು’ ಅಂತ ಒಬ್ಬರು. ‘ನೀರು ಎಲ್ಲರದೂ’ ಅಂತ ಇನ್ನೊಬ್ಬರು. ಇಬ್ಬರ ಮಾತೂ ಅರ್ಧ ನಿಜ.

ಬಸ್ಸು, ಟವೆಲ್ಲು, ಟಿಕೆಟ್ಟು

ಕಾನೂನು ಮೂರು ಸಂಗತಿಗಳನ್ನು ಬೇರೆ ಬೇರೆ ಇಡುತ್ತದೆ: ಮಾಲೀಕತ್ವ, ಸ್ವಾಧೀನ, ಬಳಕೆಯ ಹಕ್ಕು. ನಾವು ಮಾತಿನಲ್ಲಿ ಮೂರನ್ನೂ ಕಲಸಿಬಿಡುತ್ತೇವೆ.

ಸರ್ಕಾರಿ ಬಸ್ಸನ್ನೇ ನೋಡಿ. ಬಸ್ಸಿನ ಮಾಲೀಕತ್ವ ಸಾರಿಗೆ ನಿಗಮದ್ದು. ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿದವರದು ಸ್ವಾಧೀನ. ಟಿಕೆಟ್ಟು ಕೊಡುವುದು ಬಳಕೆಯ ಹಕ್ಕು. ಇಳಿಯುವ ಊರಿನ ತನಕ ಪ್ರಯಾಣ ಮಾಡಬಹುದು. ಸೀಟನ್ನು ಕಿತ್ತು ಮನೆಗೆ ಒಯ್ಯುವಂತಿಲ್ಲ, ಬೇರೆಯವರಿಗೆ ಮಾರುವಂತೆಯೂ ಇಲ್ಲ.

ಜಮೀನಿನ ವಿಷಯದಲ್ಲಿ ಈ ಮೂರೂ ಸಾಮಾನ್ಯವಾಗಿ ಒಬ್ಬರ ಕೈಯಲ್ಲೇ ಇರುತ್ತವೆ. ನೀರಿನ ವಿಷಯದಲ್ಲಿ ಹಾಗಲ್ಲ. ನೀರು ನಿಂತಲ್ಲಿ ನಿಲ್ಲುವುದಿಲ್ಲ. ನಿಮ್ಮ ಹೊಲದಿಂದ ಪಕ್ಕದ ಹೊಲಕ್ಕೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಕೆರೆಗೆ ಹೋಗುತ್ತಲೇ ಇರುತ್ತದೆ. ಹೀಗಾಗಿ ನೀರಿನ ಮೇಲೆ ನಮಗಿರುವುದು ಹೆಚ್ಚಾಗಿ ಟಿಕೆಟ್ಟಿನಂಥ ಹಕ್ಕು. ಅದು ಎಷ್ಟು ದೂರಕ್ಕೆ ಎಂಬುದನ್ನು ನೀರು ಎಲ್ಲಿದೆ, ಯಾವ ರೂಪದಲ್ಲಿದೆ ಎಂಬುದು ತೀರ್ಮಾನಿಸುತ್ತದೆ.

ಪಹಣಿಯ ಬಗ್ಗೆಯೂ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅದರಲ್ಲಿ ಜಮೀನು ಖುಷ್ಕಿಯೋ, ತರಿಯೋ, ಬಾಗಾಯ್ತೋ ಎಂದು ಬರೆದಿರುತ್ತದೆ. ಮಳೆ ನಂಬಿದ್ದು ಖುಷ್ಕಿ, ಕೆರೆ ಕಾಲುವೆಯ ನೀರು ಕಂಡ ಗದ್ದೆ ತರಿ, ತೋಟ ಇದ್ದದ್ದು ಬಾಗಾಯ್ತು. ತರಿ ಎಂದು ಬರೆದಿದೆ ಅಂದ ಮಾತ್ರಕ್ಕೆ ವರ್ಷಾ ವರ್ಷ ಇಷ್ಟು ನೀರು ಕೊಡಿ ಎಂದು ಕೇಳುವ ಹಕ್ಕು ಹುಟ್ಟುವುದಿಲ್ಲ. ಪಹಣಿ ಕಂದಾಯದ ದಾಖಲೆ. ಅದರಲ್ಲಿರುವುದು ಸುಳ್ಳೆಂದು ಯಾರಾದರೂ ರುಜುವಾತು ಮಾಡುವ ತನಕ ಅದನ್ನು ನಿಜ ಎಂದು ನಂಬುತ್ತಾರೆ, ಅಷ್ಟೆ. ಹಕ್ಕಿನ ಮೂಲ ಕ್ರಯಪತ್ರ, ವಿಭಾಗಪತ್ರ, ದಾನಪತ್ರಗಳಲ್ಲಿದೆ.

ಆಕಾಶದಿಂದ ಬಿದ್ದದ್ದು

ನಿಮ್ಮ ಸೂರಿನ ಮೇಲೆ, ನಿಮ್ಮ ಹೊಲದಲ್ಲಿ ಬಿದ್ದ ಮಳೆನೀರು ಗೊತ್ತಾದ ಹಾದಿ ಹಿಡಿದು ಹರಿಯುವ ಮೊದಲು ನಿಮ್ಮದೇ. ಹಿಡಿದಿಟ್ಟುಕೊಳ್ಳಬಹುದು, ಇಂಗಿಸಬಹುದು. 1882ರ ಈಸ್‌ಮೆಂಟ್ ಕಾಯ್ದೆಯ 7ನೇ ಕಲಮಿನಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಕೃಷಿ ಹೊಂಡ ತೋಡಿದ ಮೇಲೆ ಕೆಳಗಿನ ಹೊಲದವರು ‘ನಮ್ಮ ಕಡೆ ಹರಿದು ಬರುತ್ತಿದ್ದ ನೀರು ನಿಂತುಹೋಯ್ತು’ ಎಂದು ತಕರಾರು ತೆಗೆಯುವುದುಂಟು. ಹಾದಿಯಿಲ್ಲದೆ ಹರಡಿಕೊಂಡು ಬರುತ್ತಿದ್ದ ನೀರಾದರೆ ಆ ತಕರಾರು ನಿಲ್ಲುವುದು ಕಷ್ಟ. ಅಂಥ ನೀರಿನ ಮೇಲೆ ಎಷ್ಟೇ ವರ್ಷ ಬಳಸಿದರೂ ಬಳಕೆಯ ಬಲದಿಂದ ಹಕ್ಕು ಹುಟ್ಟುವುದಿಲ್ಲ ಎಂದು ಅದೇ ಕಾಯ್ದೆಯ 17ನೇ ಕಲಂ ಹೇಳುತ್ತದೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ಮೇಲಿನ ಹೊಲದ ಮಳೆನೀರು ಇಳಿಜಾರಿಗೆ ತಾನಾಗಿ ಹರಿದು ಬಂದರೆ ಕೆಳಗಿನವರು ಬದು ಏರಿಸಿ ಅದನ್ನು ಹಿಂದಕ್ಕೆ ತಳ್ಳುವಂತಿಲ್ಲ. ಅಂದರೆ ಬೇಕಾದಾಗ ಕೊಡು ಎಂದು ಕೇಳುವ ಹಕ್ಕು ಕೆಳಗಿನವರಿಗಿಲ್ಲ, ಬೇಡವಾದಾಗ ಬಿಡಬೇಡ ಎನ್ನುವ ಹಕ್ಕೂ ಇಲ್ಲ. ಕೆಳಗಿನ ಹೊಲದವರಿಗೆ ಇದು ಅನ್ಯಾಯ ಅನ್ನಿಸಬಹುದು. ಕಾನೂನು ಇಲ್ಲಿ ನೆಲದ ಇಳಿಜಾರನ್ನೇ ಹಿಂಬಾಲಿಸಿದೆ.

ಹಳ್ಳಕ್ಕೆ ಇಳಿದ ಮೇಲೆ

ಅದೇ ನೀರು ದಡ, ತಳ ಇರುವ ಹಳ್ಳಕ್ಕೆ ಇಳಿಯಿತು ಅನ್ನಿ. ಆಗ ಲೆಕ್ಕ ಪೂರ್ತಿ ಬದಲಾಗುತ್ತದೆ. ಹಳ್ಳದ ದಡದಲ್ಲಿ ಜಮೀನು ಇದ್ದವರಿಗೆ ಇರುವುದನ್ನು ದಡದ ಹಕ್ಕು ಎನ್ನಬಹುದು. ಕುಡಿಯಲು, ಮನೆಬಳಕೆಗೆ, ದನಕರುಗಳಿಗೆ ನೀರು ತೆಗೆದುಕೊಳ್ಳಬಹುದು. ದಡದ ಆ ಜಮೀನಿಗೆ ಹಾಯಿಸಲೂಬಹುದು. ಆದರೆ ಹಾಯಿಸುವುದಕ್ಕೆ ಷರತ್ತು ಉಂಟು: ಅದರಿಂದ ದಡದ ಮಿಕ್ಕವರಿಗೆ ಗಣನೀಯ ತೊಂದರೆ ಆಗಬಾರದು.

ಮೇಲಿನವರು ಕೆಳಗಿನವರಿಗೆ ನೀರನ್ನು ಹೇಗೆ ಬಿಡಬೇಕು ಎಂಬುದಕ್ಕೆ ಕಾಯ್ದೆ ನಾಲ್ಕು ಅಳತೆ ಕೊಡುತ್ತದೆ: ಪ್ರಮಾಣ, ದಿಕ್ಕು, ರಭಸ, ಉಷ್ಣತೆ. ಇವುಗಳಲ್ಲಿ ದೊಡ್ಡ ವ್ಯತ್ಯಾಸ ಆಗಬಾರದು. ಉಷ್ಣತೆ ಯಾಕೆ ಬಂತು ಅಂತ ಮೊದಲ ಸಲ ಓದಿದಾಗ ನನಗೂ ಆಶ್ಚರ್ಯವಾಗಿತ್ತು. ಬಿಸಿನೀರನ್ನು ಹೊಳೆಗೆ ಬಿಡುವ ಕಾರ್ಖಾನೆ ನೆನೆದರೆ ಅರ್ಥವಾಗುತ್ತದೆ.

ಹಳ್ಳಕ್ಕೆ ಅಡ್ಡಲಾಗಿ ಮರಳಿನ ಮೂಟೆ ಇಟ್ಟು ಪೂರ್ತಿ ನೀರನ್ನು ತನ್ನ ಹೊಲಕ್ಕೆ ತಿರುಗಿಸಿಕೊಳ್ಳುವುದು ಹೀಗಾಗಿ ತಪ್ಪು. ದಡ ತನ್ನದೇ ಆದರೂ ತಪ್ಪು. ಇದು ರಾಜ್ಯಗಳಿಗೂ ಅನ್ವಯಿಸುವ ಮಾತು. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟು ಕಾವೇರಿ ತೀರ್ಪಿನಲ್ಲಿ ಕರ್ನಾಟಕದ ಪಾಲನ್ನು 270ರಿಂದ 284.75 ಟಿಎಂಸಿಗೆ ಏರಿಸಿತು. ಅಂತರರಾಜ್ಯ ನದಿ ಯಾವ ಒಂದು ರಾಜ್ಯದ ಸ್ವತ್ತೂ ಅಲ್ಲ ಎಂದೂ ಹೇಳಿತು. ಕೊಟ್ಟದ್ದು ಪಾಲು, ಮಾಲೀಕತ್ವವಲ್ಲ.

ಕೆರೆ, ಕಾಲುವೆ ಮತ್ತು ಬೀಗದ ಕೈ

1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ ನದಿ, ಹಳ್ಳ, ನಾಲೆ, ಕೆರೆಗಳ ತಳ, ನಿಂತ ನೀರು, ಹರಿಯುವ ನೀರು ಎಲ್ಲವೂ ರಾಜ್ಯ ಸರ್ಕಾರದ್ದು. ಖಾಸಗಿಯವರದು ಎಂದು ಸಾಬೀತಾದದ್ದಕ್ಕೆ ಮಾತ್ರ ವಿನಾಯಿತಿ. ನಿಮ್ಮ ಸರ್ವೆ ನಂಬರಿನ ನಡುವೆ ಹಳ್ಳ ಹಾದುಹೋಗಿದ್ದರೆ ಅಷ್ಟು ಜಾಗವನ್ನು ‘ಬಿ ಖರಾಬು’ ಎಂದು ತೋರಿಸಿರುತ್ತಾರೆ. ಬೇಸಾಯಕ್ಕೆ ಬಾರದ ಬಂಡೆ, ಕೊರಕಲು ಇದ್ದರೆ ಅದು ‘ಎ ಖರಾಬು’. ಎರಡಕ್ಕೂ ಕಂದಾಯ ಇಲ್ಲ. ಆದರೆ ಎ ಖರಾಬು ಹಿಡುವಳಿದಾರರ ಜೊತೆ ಇರುತ್ತದೆ, ಬಿ ಖರಾಬು ಸಾರ್ವಜನಿಕರಿಗಾಗಿ ಬಿಟ್ಟ ಸರ್ಕಾರಿ ಜಾಗ. ನಿವೇಶನ ಕೊಳ್ಳುವಾಗ ಈ ಒಂದಕ್ಷರ ನೋಡದೆ ರಾಜಕಾಲುವೆಯ ಮೇಲೆ ಮನೆ ಕಟ್ಟಿಕೊಂಡವರು ಬೆಂಗಳೂರಿನಲ್ಲಿ ಕಡಿಮೆಯಿಲ್ಲ.

ಸರ್ಕಾರದ್ದು ಅಂದರೆ ಸರ್ಕಾರ ಏನು ಬೇಕಾದರೂ ಮಾಡಬಹುದಾ? ಇಲ್ಲ. ದೇವಸ್ಥಾನದ ಒಡವೆ ಪೆಟ್ಟಿಗೆಯ ಬೀಗದ ಕೈ ಧರ್ಮದರ್ಶಿಗಳ ಸೊಂಟದಲ್ಲಿರುತ್ತದೆ. ಹಾಗಂತ ಒಡವೆಯನ್ನು ಅವರು ಮಗಳ ಮದುವೆಗೆ ಹಾಕುವಂತಿಲ್ಲ. ನದಿ, ಕೆರೆಗಳ ವಿಷಯದಲ್ಲಿ ಸರ್ಕಾರದ ಸ್ಥಾನವೂ ಅಂಥದ್ದೇ. ಕೋರ್ಟುಗಳು ಇದನ್ನು ಸಾರ್ವಜನಿಕ ನಂಬಿಕೆಯ ತತ್ವ ಅನ್ನುತ್ತವೆ. ಹಿಮಾಚಲದಲ್ಲಿ ಒಂದು ಮೋಟೆಲ್‌ಗಾಗಿ ಬಿಯಾಸ್ ನದಿಯ ಹರಿವನ್ನೇ ತಿರುಗಿಸಿದ ಪ್ರಕರಣದಲ್ಲಿ, 1996ರಲ್ಲಿ, ಸುಪ್ರೀಂ ಕೋರ್ಟು ಇದನ್ನು ನಮ್ಮ ಕಾನೂನಿನ ಭಾಗ ಎಂದು ಸಾರಿತು.

ಕೆರೆ, ಕಾಲುವೆಯ ನೀರು ಹಾಯುವ ಗೊತ್ತಾದ ಪ್ರದೇಶವೇ ಅಚ್ಚುಕಟ್ಟು. ಅಚ್ಚುಕಟ್ಟಿನೊಳಗಿದ್ದರೆ ನೀರು ಕಂದಾಯ ಕಟ್ಟಿ ಸರದಿಯಂತೆ ನೀರು ಪಡೆಯಬಹುದು. ಹೊರಗಿದ್ದು ಕಾಲುವೆಗೆ ಪೈಪು ಇಳಿಸಿದರೆ 1965ರ ಕರ್ನಾಟಕ ನೀರಾವರಿ ಕಾಯ್ದೆಯಡಿ ಅಪರಾಧ. ಕೊನೆಯ ಭಾಗದ ರೈತರಿಗೆ ನೀರು ತಲುಪುತ್ತಿಲ್ಲ ಎಂಬ ದೂರು ಜಾಸ್ತಿಯಾಗಿ 2024ರಲ್ಲಿ ಈ ಕಾಯ್ದೆಯನ್ನು ತಿದ್ದಿ ಬಿಗಿ ಮಾಡಿದರು. ಹಿಂದೆ ತೂಬು ಎತ್ತುವ, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ನೋಡುವ ಕೆಲಸ ನೀರುಗಂಟಿಯದಾಗಿತ್ತು. ಕೆಲವು ಊರುಗಳಲ್ಲಿ ಈಗಲೂ ಇದ್ದಾರೆ.

ನೆಲದಡಿಯ ನೀರು

ಜಗಳ ಜಾಸ್ತಿ ಇರುವುದು ಇಲ್ಲಿ.

ಕಥೆ ಇಂಗ್ಲೆಂಡಿನ ಲ್ಯಾಂಕಶೈರ್‌ನಿಂದ ಶುರುವಾಗುತ್ತದೆ. ಅಲ್ಲಿ ಹತ್ತಿ ಗಿರಣಿಯವರೊಬ್ಬರ ಬಾವಿ, ಸ್ವಲ್ಪ ದೂರದಲ್ಲಿ ಕಲ್ಲಿದ್ದಲು ಗಣಿ ತೋಡಿದ ಮೇಲೆ ಬತ್ತಿತು. ಅವರು ಕೋರ್ಟಿಗೆ ಹೋದರು. 1843ರಲ್ಲಿ ತೀರ್ಪು ಬಂತು: ಪರಿಹಾರ ಇಲ್ಲ. ಹೊಳೆಯ ನೀರು ಕಣ್ಣಿಗೆ ಕಾಣುತ್ತದೆ, ಯಾರು ತಡೆದರು ಎಂದು ಗೊತ್ತಾಗುತ್ತದೆ. ನೆಲದೊಳಗಿನ ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಹೇಳುವವರು ಯಾರು? ಹೀಗಾಗಿ ತನ್ನ ಜಮೀನಿನಲ್ಲಿ ತೋಡಿದವರಿಗೆ ಸಿಕ್ಕಷ್ಟೂ ಸಿಕ್ಕಿತು ಎಂದಿತು ಕೋರ್ಟು. 1895ರ ಇನ್ನೊಂದು ಮೊಕದ್ದಮೆ ಇನ್ನೂ ಮುಂದೆ ಹೋಯಿತು. ಬ್ರಾಡ್‌ಫರ್ಡ್ ನಗರಕ್ಕೆ ಬರುವ ನೀರು ಕಡಿಮೆಯಾಗುವಂತೆ ಪಿಕಲ್ಸ್ ಎಂಬಾತ ತನ್ನ ಜಾಗದಲ್ಲಿ ಅಗೆದ. ತನ್ನ ಜಾಗವನ್ನು ಒಳ್ಳೆ ಬೆಲೆಗೆ ಕೊಳ್ಳಲಿ ಎಂಬುದು ಅವನ ಲೆಕ್ಕ. ಉದ್ದೇಶ ಕೆಟ್ಟದ್ದಿರಲಿ, ಹಕ್ಕು ಇದ್ದ ಮೇಲೆ ಮುಗಿಯಿತು ಎಂದರು ನ್ಯಾಯಾಧೀಶರು.

ಮೊದಲ ತೀರ್ಪಿನ ವಿಚಾರವೇ 1882ರಲ್ಲಿ ನಮ್ಮ ಈಸ್‌ಮೆಂಟ್ ಕಾಯ್ದೆಯೊಳಗೆ ಬಂತು. ನೆಲದಡಿ ಗೊತ್ತಾದ ಹಾದಿಯಲ್ಲಿ ಹರಿಯದ ನೀರನ್ನು ಜಮೀನಿನ ಒಡೆಯ ತೆಗೆದು ಬಳಸಬಹುದು ಎಂದು ಬರೆದರು. ಕಪಿಲೆ ಕಟ್ಟಿ ಎತ್ತಿನಿಂದ ನೀರೆತ್ತುವ ಕಾಲ ಅದು. ಒಂದು ದಿನಕ್ಕೆ ಎಷ್ಟು ಎತ್ತಬಹುದೋ ಅಷ್ಟೇ. ಕೋಲಾರದಲ್ಲಿ ಸಾವಿರ ಅಡಿ ದಾಟಿದ ಬೋರ್‌ವೆಲ್‌ಗೆ ಮೋಟಾರು ಇಳಿಸುವ ಕಾಲಕ್ಕೂ ಅದೇ ಸಾಲು ಬಂದು ನಿಂತಿದೆ. ಒಂದೇ ಲೋಟಕ್ಕೆ ಹತ್ತು ಸ್ಟ್ರಾ ಹಾಕಿದ ಹಾಗೆ. ಉದ್ದದ ಸ್ಟ್ರಾ ಇದ್ದವರಿಗೆ ಕೊನೆಯ ಗುಟುಕು.

ಪಕ್ಕದವರು ಇನ್ನೂ ಆಳಕ್ಕೆ ಕೊರೆಸಿದ್ದರಿಂದ ನನ್ನ ಬಾವಿ ಬತ್ತಿತು, ಪರಿಹಾರ ಕೊಡಿಸಿ ಎಂದು ಕೇಳಿದರೆ ಹಳೆಯ ನಿಯಮದಡಿ ಉತ್ತರ ನಿರಾಸೆಯದ್ದೇ. ಹೀಗಾಗಿ ಆ ನಿಯಮದ ಸುತ್ತ ಸರ್ಕಾರ ಬೇಲಿ ಹಾಕುತ್ತಾ ಬಂದಿದೆ. ರಾಜ್ಯದ 1999ರ ಕಾಯ್ದೆ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡಬಾರದು ಎಂದಿತು. 2011ರ ಅಂತರ್ಜಲ ಕಾಯ್ದೆ ಪ್ರಾಧಿಕಾರವೊಂದನ್ನು ಮಾಡಿತು. ನೀರು ತೀರಾ ಕುಸಿದ ಪ್ರದೇಶಗಳನ್ನು ಅಧಿಸೂಚಿತ ಪ್ರದೇಶ ಎಂದು ಘೋಷಿಸಬಹುದು. ಅಲ್ಲಿ ಹೊಸ ಬೋರ್‌ವೆಲ್‌ಗೆ ಮೊದಲೇ ಅನುಮತಿ ಬೇಕು, ಹಳೆಯದನ್ನು ನೋಂದಾಯಿಸಬೇಕು, ಕೊರೆಯುವ ಲಾರಿಯವರೂ ನೋಂದಣಿ ಮಾಡಿಸಿರಬೇಕು. ಮಕ್ಕಳು ಕೊಳವೆಬಾವಿಗೆ ಬಿದ್ದ ದುರಂತಗಳ ನಂತರ ಸುಪ್ರೀಂ ಕೋರ್ಟು 2010ರಲ್ಲಿ ಹೇಳಿದ್ದೂ ಇದೆ: ಕೊರೆಸುವ 15 ದಿನ ಮೊದಲೇ ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು, ನೀರು ಬಾರದಿದ್ದರೆ ಮುಚ್ಚಬೇಕು.

ಹಾಗಾದರೆ ಕೊನೆಗೆ ಅಂತರ್ಜಲ ಯಾರದು? ಕೇರಳದ ಪಾಲಕ್ಕಾಡು ಜಿಲ್ಲೆಯ ಪ್ಲಾಚಿಮಡದಲ್ಲಿ ಈ ಪ್ರಶ್ನೆ ನೇರವಾಗಿ ಎದ್ದಿತ್ತು. ತಂಪು ಪಾನೀಯದ ಕಾರ್ಖಾನೆಯೊಂದು ನೀರೆತ್ತುವುದನ್ನು ಪೆರುಮಾಟ್ಟಿ ಗ್ರಾಮ ಪಂಚಾಯಿತಿ ವಿರೋಧಿಸಿತು. ನೆಲದಡಿಯ ನೀರು ಜನರದು, ಸರ್ಕಾರ ಅದರ ಕಾವಲುಗಾರ ಎಂದು 2003ರ ಡಿಸೆಂಬರ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಹೇಳಿತು. ಒಡೆಯರು ತಮ್ಮ ಜಮೀನಿನಿಂದ ಹಿತಮಿತವಾಗಿ ತೆಗೆಯಬಹುದು ಎಂದು 2005ರಲ್ಲಿ ಅದೇ ಕೋರ್ಟಿನ ವಿಭಾಗೀಯ ಪೀಠ ಹೇಳಿತು. ಅಷ್ಟರಲ್ಲಿ ಕಾರ್ಖಾನೆ ನಿಂತಿತ್ತು. ಮತ್ತೆ ತೆರೆಯುವುದಿಲ್ಲ ಎಂದು ಕಂಪನಿ ಹೇಳಿದ ಮೇಲೆ 2017ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಪ್ರಕರಣ ಮುಗಿಯಿತು. ಯಾರ ಮಾತು ಸರಿ ಎಂಬ ತೀರ್ಮಾನ ಮಾತ್ರ ಆ ಪ್ರಕರಣದಲ್ಲಿ ಬರಲೇ ಇಲ್ಲ.

ಪಕ್ಕದ ಹೊಲ ದಾಟಿ ಬರುವ ನೀರು

ಇಷ್ಟು ಹೊತ್ತು ಈಸ್‌ಮೆಂಟ್ ಕಾಯ್ದೆ ಅನ್ನುತ್ತಾ ಬಂದೆ, ಈಸ್‌ಮೆಂಟ್ ಅಂದರೇನು ಹೇಳಲಿಲ್ಲ. ಕನ್ನಡದಲ್ಲಿ ಅನುಭೋಗದ ಹಕ್ಕು ಎನ್ನುತ್ತಾರೆ. ನಿಮ್ಮ ಜಮೀನು ಚೆನ್ನಾಗಿ ಬಳಕೆಗೆ ಬರಲು ಪಕ್ಕದವರ ಜಮೀನಿನ ಮೇಲೆ ನಿಮಗಿರುವ ಸಣ್ಣ ಹಕ್ಕು. ಅವರ ಬದುವಿನ ಮೇಲೆ ಗಾಡಿ ಹೊಡೆಯುವುದು, ಅವರ ಹೊಲದಲ್ಲಿ ನಿಮ್ಮ ಕಾಲುವೆ ಹಾಯುವುದು, ಇಂಥದ್ದು. ಅನುಕೂಲ ಪಡೆಯುವ ಜಮೀನು ಒಂದು, ಹೊರೆ ಹೊರುವ ಜಮೀನು ಇನ್ನೊಂದು. ಹಕ್ಕು ಮನುಷ್ಯರಿಗೆ ಅಂಟಿಕೊಂಡದ್ದಲ್ಲ, ಜಮೀನಿಗೆ ಅಂಟಿಕೊಂಡದ್ದು. ನೀವು ಹೊಲ ಮಾರಿದರೆ ಕೊಂಡವರಿಗೆ ಹೋಗುತ್ತದೆ. ಪಕ್ಕದವರು ಮಾರಿದರೂ ಉಳಿಯುತ್ತದೆ.

ಇದು ಪತ್ರದ ಮೂಲಕ ಬರಬಹುದು. ಬೇರೆ ದಾರಿಯೇ ಇಲ್ಲದ ಅಗತ್ಯದಿಂದ ಬರಬಹುದು. ಊರಿನ ಮಾಮೂಲಿನಿಂದ ಬರಬಹುದು. ಇಲ್ಲವೇ ದೀರ್ಘ ಬಳಕೆಯಿಂದ ಬರಬಹುದು. ಜನ ‘ಇಪ್ಪತ್ತು ವರ್ಷ ಆಯ್ತು, ನಮ್ಮದೇ’ ಅನ್ನುವುದು ಈ ಕೊನೆಯದನ್ನು ನೆನೆದು. ಆದರೆ 20 ವರ್ಷ ಕಳೆದರೆ ಸಾಲದು. ಬಳಕೆ ಬಹಿರಂಗವಾಗಿರಬೇಕು, ತಂಟೆಯಿಲ್ಲದೆ, ಎಡೆಬಿಡದೆ ನಡೆದಿರಬೇಕು. ಮುಖ್ಯವಾಗಿ ಹಕ್ಕು ಎಂದೇ ಬಳಸಿರಬೇಕು. ಸರ್ಕಾರಿ ಜಾಗದ ಮೇಲಾದರೆ 30 ವರ್ಷ.

ಆ ‘ಹಕ್ಕು ಎಂದೇ’ ಎಂಬ ಮಾತಿನಲ್ಲಿ ಬಹಳ ಜನ ಎಡವುತ್ತಾರೆ. ‘ಅಣ್ಣಾ, ಈ ಬೇಸಿಗೆಗೆ ನಿಮ್ಮ ಹೊಲದಲ್ಲಿ ಪೈಪು ಹಾಕಿಕೊಳ್ಳಲಾ?’ ಎಂದು ಕೇಳಿ ಹಾಕಿದರೆ ಅದು ಅನುಮತಿ. ಕಾನೂನಿನ ಭಾಷೆಯಲ್ಲಿ ಲೈಸೆನ್ಸ್. ಕೇಳಿ ಕೇಳಿ 40 ವರ್ಷ ಬಳಸಿದರೂ ಅದು ಹಕ್ಕಾಗಿ ಬೆಳೆಯುವುದಿಲ್ಲ. ಕೊಟ್ಟವರು ಸಾಮಾನ್ಯವಾಗಿ ಅದನ್ನು ಹಿಂದಕ್ಕೆ ಪಡೆಯಬಹುದು. ಆ ಅನುಮತಿಯನ್ನು ನಂಬಿ ನೀವು ಖರ್ಚು ಮಾಡಿ ಕಾಯಂ ಕಾಮಗಾರಿ, ಅಂದರೆ ಕಲ್ಲು ಗಾರೆಯ ಕಾಲುವೆಯಂಥದ್ದು ಕಟ್ಟಿದ್ದರೆ ಆಗ ಹಿಂಪಡೆಯಲಾಗದು ಎಂಬ ರಕ್ಷಣೆ 60ನೇ ಕಲಮಿನಲ್ಲಿದೆ. ಒಳ್ಳೆಯತನದಿಂದ ಕೇಳಿದವರಿಗೆ ಹಕ್ಕು ಇಲ್ಲ, ಕೇಳದೆ ಹಾಯಿಸಿದವರಿಗೆ ಹಕ್ಕು ಉಂಟು! ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಆದರೆ ಒಪ್ಪಿ ಕೊಟ್ಟ ಪಕ್ಕದವರು ಕೊಟ್ಟದ್ದಕ್ಕಾಗಿಯೇ ಜಮೀನಿನ ಮೇಲೆ ಹೊರೆ ಹೊರುವ ಹಾಗೆ ಆಗಬಾರದು ಎಂಬುದೂ ನ್ಯಾಯವೇ.

ಸುಮ್ನೆ ಕೂತರೂ ಹಕ್ಕು ಹೋಗುತ್ತದೆ. ಪಕ್ಕದವರು ಕಾಲುವೆ ಮುಚ್ಚಿದರು ಎಂದು ಗೊತ್ತಾದ ಮೇಲೂ ಒಂದು ವರ್ಷ ಒಪ್ಪಿಕೊಂಡು ಸುಮ್ಮನಿದ್ದರೆ ಎಡೆಬಿಡದ ಬಳಕೆ ಅಲ್ಲಿಗೆ ತುಂಡಾಯಿತು ಎಂದು ಲೆಕ್ಕ. ದಾವೆ ಹೂಡುವಾಗ, ಆ 20 ವರ್ಷದ ಬಳಕೆ ಮುಗಿದು ಎರಡು ವರ್ಷ ದಾಟಿರಬಾರದು.

ಭಾಗವಾದಾಗ ಬಾವಿ

ಮನೆ ಮನೆಯಲ್ಲಿ ಬರುವ ಪ್ರಶ್ನೆ ಇದು. ಅಪ್ಪನ ಕಾಲದ ನಾಲ್ಕು ಎಕರೆ, ಒಂದು ಬಾವಿ. ಭಾಗವಾದಾಗ ಬಾವಿ ಇರುವ ಎರಡು ಎಕರೆ ಅಣ್ಣನ ಪಾಲಿಗೆ ಬಂತು. ತಮ್ಮನ ತೋಟಕ್ಕೆ ನೀರು?

ಭಾಗವಾಗುವ ದಿನ ಬಾವಿಯ ತೊಟ್ಟಿಯಿಂದ ತಮ್ಮನ ತೋಟಕ್ಕೆ ಕಣ್ಣಿಗೆ ಕಾಣುವ ಕಾಲುವೆ ಇತ್ತು, ತೋಟ ಅದರ ಮೇಲೇ ನಿಂತಿತ್ತು ಎಂದಾದರೆ, ವಿಭಾಗಪತ್ರದಲ್ಲಿ ಬರೆಯದಿದ್ದರೂ ಆ ಕಾಲುವೆಯ ಹಕ್ಕು ತಮ್ಮನಿಗೆ ಬರಬಹುದು. ಈಸ್‌ಮೆಂಟ್ ಕಾಯ್ದೆಯ 13ನೇ ಕಲಂ ಇದನ್ನು ಹೇಳುತ್ತದೆ. ಆದರೆ ಬಾವಿಯಿಂದ ನೀರೆತ್ತುವುದು ಬೇರೆ. ಮನುಷ್ಯರು ಕೈ ಹಾಕದೆ ಅದು ನಡೆಯುವುದಿಲ್ಲ, ಹೀಗಾಗಿ ಕಾಲುವೆಗೆ ಹೊಂದುವ ವಾದ ಅದಕ್ಕೆ ಹಾಗೇ ಹೊಂದುವುದಿಲ್ಲ. ಅದಿಲ್ಲದೆ ಪಾಲು ಬಳಕೆಗೇ ಬರುವುದಿಲ್ಲ ಎಂದು ತೋರಿಸಬೇಕಾಗುತ್ತದೆ. ಪಕ್ಕದಲ್ಲೇ ಬೋರು ಕೊರೆಸಬಹುದಲ್ಲ ಎಂದು ಅಣ್ಣನ ವಕೀಲರು ಕೇಳುವುದು ಆಗಲೇ.

ಇದಕ್ಕೇ ಹಳೆಯ ವಿಭಾಗಪತ್ರಗಳಲ್ಲಿ ‘ಬಾವಿಯಲ್ಲಿ ಉಭಯತ್ರರಿಗೂ ಸಮಭಾಗ ಹಕ್ಕು, ಸರದಿಯಂತೆ ನೀರು ಹಾಯಿಸಿಕೊಳ್ಳತಕ್ಕದ್ದು’ ಎಂಬ ಸಾಲು ಹಾಕುತ್ತಿದ್ದರು. ಅದು ಈಸ್‌ಮೆಂಟ್‌ಗಿಂತ ಗಟ್ಟಿ. ಅಲ್ಲಿ ತಮ್ಮ ಅಣ್ಣನ ಬಾವಿಯನ್ನು ಬಳಸುತ್ತಿಲ್ಲ. ಬಾವಿಗೆ ಇಬ್ಬರೂ ಒಡೆಯರು.

ಜಗಳ ಆಗಲೇ ಶುರುವಾಗಿದ್ದರೆ ಹಕ್ಕು ಯಾರದೆಂದು ತೀರ್ಮಾನಿಸುವುದು ಸಿವಿಲ್ ಕೋರ್ಟು. ಅಲ್ಲಿ ಹಕ್ಕಿನ ಘೋಷಣೆ ಕೇಳಬಹುದು, ಕಾಲುವೆ ಮುಚ್ಚದಂತೆ ತಡೆಯಾಜ್ಞೆ ಕೇಳಬಹುದು. ನೀರಿನ ಬಳಕೆಯ ಜಗಳ ಹೊಡೆದಾಟಕ್ಕೆ ತಿರುಗುವ ಹಾಗಿದ್ದರೆ ಶಾಂತಿ ಕಾಪಾಡಲು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರೂ ಆದೇಶ ಕೊಡಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 147ನೇ ಕಲಂ ಇದಕ್ಕೇ ಇತ್ತು, ಹೊಸ ಸಂಹಿತೆಯಲ್ಲೂ ಉಳಿದಿದೆ. ಎರಡೂ ಕಡೆ ಮೊದಲು ಕೇಳುವುದು ಗ್ರಾಮ ನಕ್ಷೆ, ಸರ್ವೆ ಟಿಪ್ಪಣಿ, ವಿಭಾಗಪತ್ರ ಮತ್ತು ಊರಿನ ನಾಲ್ಕು ಜನರ ಸಾಕ್ಷಿ.

ಪತ್ರ ಇನ್ನೂ ಆಗಬೇಕಿದ್ದರೆ ಅಷ್ಟಭೋಗದ ಸಾಲನ್ನು ಬರಹಗಾರರು ಬರೆಯಲಿ, ಬೇಡ ಎನ್ನಬೇಡಿ. ಅದರ ಕೆಳಗೆ ಇನ್ನು ನಾಲ್ಕು ಸಾಲು ಬರೆಸಿ: ಬಾವಿಯ ಸರ್ವೆ ನಂಬರು, ಕಾಲುವೆ ಅಥವಾ ಪೈಪು ಹಾಯುವ ಜಾಗ ಮತ್ತು ಅಗಲ, ವಾರದಲ್ಲಿ ಯಾರಿಗೆ ಯಾವ ದಿನ, ಮೋಟಾರು ಸುಟ್ಟರೆ ರಿಪೇರಿ ಖರ್ಚು ಯಾರದು. ಬಾವಿ ಬತ್ತಿ ಅದೇ ಜಾಗದಲ್ಲಿ ಬೋರು ಕೊರೆಸಿದರೆ ಆ ನೀರಿಗೂ ಇದೇ ಸರದಿಯೇ ಎಂಬುದನ್ನೂ ಸೇರಿಸಿ. ಹಳೆಯ ಪತ್ರಗಳಲ್ಲಿ ಅದು ಇರುವುದಿಲ್ಲ, ಯಾಕೆಂದರೆ ಬಾವಿ ಬತ್ತುತ್ತದೆ ಎಂದು ಅವತ್ತು ಯಾರೂ ಅಂದುಕೊಂಡಿರಲಿಲ್ಲ.